ಐವತ್ತಾರು ಎಂಬ ಊರು

ಹನ್ನೊಂದು ಗಂಟೆಯ ಬಸ್ಸು ನಮ್ಮೂರಿಗೆ ಬರುತ್ತಿದ್ದುದು ಹನ್ನೊಂದೂ ಮುಕ್ಕಾಲಿಗೆ. ಮಾದಾಪುರದ ಕಡೆಯ ಏರು ಹತ್ತುವಾಗಲೇ ಅದರ ಏದುಸಿರು ಕಣಿವೆ ದಾಟಿ ಕೇಳಿಸುತ್ತಿತ್ತು. ಕೇಳಿಸಿದ್ದೇ ತಡ, ಅಪ್ಪ ಕನ್ನಡಕವನ್ನು ಪಂಚೆಯ ಅಂಚಿನಿಂದ ಒರೆಸಿಕೊಂಡು ಮೆಟ್ಟಿಲಿಳಿದು ರಸ್ತೆಬದಿಯ ಹಲಸಿನ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದರು. ಕಂಡಕ್ಟರ್ ಬಂದ ಟಪಾಲು ಚೀಲ ಕೊಡುತ್ತಿದ್ದ, ಅಪ್ಪ ಹೋಗುವ ಚೀಲ ಕೊಡುತ್ತಿದ್ದರು. ಅರ್ಧ ನಿಮಿಷದ ಕೆಲಸ. ಬೇರೆ ವರ್ಷಗಳಲ್ಲಿ ಅದನ್ನು ನೋಡಲು ಹಲಸಿನ ಮರದ ಕಾಗೆಗಳ ಹೊರತು ಯಾರೂ ಇರುತ್ತಿರಲಿಲ್ಲ. ಆ ವರ್ಷ ಮಾತ್ರ ಆರೆಂಟು ಜನ ಮೊದಲೇ ಬಂದು ನಿಂತಿರುತ್ತಿದ್ದರು. ಬಂದ ಕಾರಣವನ್ನು ಯಾರೂ ಹೇಳುತ್ತಿರಲಿಲ್ಲ. ಒಬ್ಬರಿಗೆ ಅಂಗಡಿಯಲ್ಲಿ ಉಪ್ಪು ಬೇಕಿರುತ್ತಿತ್ತು, ಇನ್ನೊಬ್ಬರು ಕರು ಹುಡುಕುತ್ತ ಈ ಕಡೆ ಬಂದವರು.

ನಮ್ಮ ಮನೆಯ ಜಗಲಿಯೇ ಊರಿನ ಬ್ರಾಂಚ್ ಪೋಸ್ಟಾಫೀಸು. ಒಂದು ಮೇಜು, ತೂಕದ ತಕ್ಕಡಿ, ತಾರೀಖಿನ ಮುದ್ರೆ, ಅರಗು ಕರಗಿಸಲು ಮೇಣದಬತ್ತಿ, ಗೋಡೆಯ ಮೇಲೆ ಅಂಚು ಹರಿದ ಭಾರತದ ಭೂಪಟ. ಬಿ.ಎ. ಮುಗಿಸಿ ಕೆಲಸವಿಲ್ಲದೆ, ಅಪ್ಪನಿಗೆ ಸಹಾಯ ಮಾಡುವ ನೆಪದಲ್ಲಿ ಆ ಜಗಲಿಯಲ್ಲಿ ಪೇಪರ್ ಓದುತ್ತ ಕೂರುತ್ತಿದ್ದ ನನಗೆ ಆಗ ಇಪ್ಪತ್ತೆರಡು.

2001ರ ಡಿಸೆಂಬರ್. ಹುತ್ತರಿ ಹಬ್ಬದ ಸಂಭ್ರಮ ಇಳಿದು ಎರಡು ವಾರ ಕಳೆದಿರಲಿಲ್ಲ. ಬಾಗಿಲ ಚೌಕಟ್ಟಿಗೆ ಕಟ್ಟಿದ್ದ ಹೊಸ ಕದಿರು ಇನ್ನೂ ಒಣಗಿರಲಿಲ್ಲ. ತೋಟಗಳಲ್ಲಿ ಕಾಫಿ ಕೊಯ್ಲು ಶುರುವಾಗಿತ್ತು, ಆದರೆ ಕೊಯ್ಯುವ ಕೈಗಳಲ್ಲಿ ಉತ್ಸಾಹವಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಕಾಣದ ಮಟ್ಟಕ್ಕೆ ಕಾಫಿ ದರ ಬಿದ್ದುಹೋಗಿತ್ತು. ಕೊಯ್ದರೆ ಕೂಲಿ ಹುಟ್ಟದು, ಕೊಯ್ಯದಿದ್ದರೆ ಗಿಡ ಹಾಳು. ಕಣದಲ್ಲಿ ಹರಡಿದ ಹಣ್ಣು ಬಿಸಿಲಿಗೆ ಕಪ್ಪಾಗುವುದನ್ನು ನೋಡುತ್ತ ಬೆಳೆಗಾರರು ತಲೆ ಕೆರೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ, 13ರ ಮಧ್ಯಾಹ್ನ, ದೆಹಲಿಯ ಸಂಸತ್ ಭವನದ ಆವರಣಕ್ಕೆ ಬಂದೂಕು ಹಿಡಿದವರು ನುಗ್ಗಿದ ಸುದ್ದಿ ರೇಡಿಯೊದಲ್ಲಿ ಬಂತು.

ಆಮೇಲೆ ಬಂದದ್ದು ತಂತಿಗಳು. ಹುತ್ತರಿಗೆಂದು ರಜೆ ಹಾಕಿ ಬಂದಿದ್ದ ಮೂವರು ನಮ್ಮ ಸುತ್ತಿನಲ್ಲಿದ್ದರು. ಒಂದೇ ವಾರದಲ್ಲಿ ಮೂವರಿಗೂ ಕರೆ. ತಂತಿಯಲ್ಲಿದ್ದದ್ದು ಒಂದೇ ಸಾಲು, ಕೂಡಲೇ ಹಾಜರಾಗು ಅಂತ. ಆಗ ನಮ್ಮ ಕಡೆ ತಂತಿ ಎಂದರೆ ಸಾವು. ಅಪ್ಪ ಆ ಕಾಗದ ಹಿಡಿದು ಗೇಟು ತೆಗೆಯುವಾಗಲೇ ‘ಏನಿಲ್ಲ, ಏನಿಲ್ಲ, ಡ್ಯೂಟಿ, ಬರೀ ಡ್ಯೂಟಿ’ ಎಂದು ಕೂಗಿಕೊಂಡೇ ಒಳಗೆ ಹೋಗುತ್ತಿದ್ದರು. ಆ ಕೂಗು ಕೇಳಿ ಹೆಂಗಸರು ಅರ್ಧ ಅಳು ಅಲ್ಲೇ ನಿಲ್ಲಿಸಿ, ಉಳಿದರ್ಧ ಅತ್ತು ಮುಗಿಸುತ್ತಿದ್ದರು.

ಮೂವರಲ್ಲಿ ಒಬ್ಬ ಕೆಳಮನೆ ದೊಡ್ಡವ್ವನ ಮಗ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ತರಬೇತಿಯಾದ ಸ್ಯಾಪರ್. ನನಗಿಂತ ಎರಡು ವರ್ಷ ದೊಡ್ಡವನು, ಹೈಸ್ಕೂಲಿನಲ್ಲಿ ನನ್ನ ಹಾಕಿ ಸ್ಟಿಕ್ ಮುರಿದವನು. ಸಂಜೆಯ ಬಸ್ಸಿಗೆ ಹೊರಟ. ದೊಡ್ಡವ್ವ ಕಂಚುಳಿಹುಳಿಯ ಉಪ್ಪಿನಕಾಯಿ ಬಾಟಲಿಯನ್ನು ಅವನ ಬೂಟಿನೊಳಗೆ ತುರುಕಿ ಟ್ರಂಕಿಗೆ ಹಾಕಿದ್ದಳು, ಒಡೆಯದಿರಲಿ ಎಂದು. ‘ಬೂಟು ನಾರುತ್ತೆ ಅವ್ವ’ ಅಂದ. ‘ನಾರಲಿ ಬಿಡು’ ಎಂದಳು. ಅವನು ಹೋದಾಗ ಇಷ್ಟೇ ಮಾತು. ನಾನೂ ಹಲಸಿನ ಮರದ ಕೆಳಗೆ ನಿಂತಿದ್ದೆ.

*

ಸೇನೆಯ ಆ ಸಜ್ಜಿಗೆ ಆಪರೇಷನ್ ಪರಾಕ್ರಮ್ ಎಂದು ಹೆಸರು. 1971ರ ಯುದ್ಧದ ನಂತರ ಅಷ್ಟು ದೊಡ್ಡ ಪ್ರಮಾಣದಲ್ಲಿ ದಂಡು ಗಡಿಗೆ ಹೋದದ್ದು ಅದೇ ಮೊದಲು. ನಮ್ಮ ಕಡೆಯಿಂದಲೇ ಐದು ಲಕ್ಷ ಸೈನಿಕರು ಎಂಬ ಅಂದಾಜು. 2002ರ ಹೊಸವರ್ಷದಿಂದ ಸಂಜೋತಾ ರೈಲು ನಿಂತಿತು, ಲಾಹೋರಿನ ಬಸ್ಸು ನಿಂತಿತು. ರಕ್ಷಣಾ ಸಚಿವರು ನಮ್ಮ ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅವರನ್ನು ಟಿವಿಯಲ್ಲಿ ನೋಡಿದಾಗಲೆಲ್ಲ ನಮ್ಮ ಅಂಗಡಿ ಕಟ್ಟೆಯವರು ‘ಘಟ್ಟದ ಕೆಳಗಿನವರು, ಯುದ್ಧ ಮಾಡೋ ಪೈಕಿ ಅಲ್ಲ ಬಿಡಿ’ ಎಂದು ಷರಾ ಹಾಕುತ್ತಿದ್ದರು. ಮಡಿಕೇರಿಯ ‘ಶಕ್ತಿ’ ಪತ್ರಿಕೆ ಬರುವುದು ಅರ್ಧ ಗಂಟೆ ತಡವಾದರೆ ಬೈಗುಳ.

ನನ್ನ ಬಗ್ಗೆಯೂ ಹೇಳಿಬಿಡಬೇಕು. ನನಗೆ ಯುದ್ಧ ಬೇಕಾಗಿತ್ತು. ಎರಡೂವರೆ ವರ್ಷದ ಹಿಂದೆ ಕಾರ್ಗಿಲ್ ಯುದ್ಧವನ್ನು ಹಾಸ್ಟೆಲಿನ ಟಿವಿಯಲ್ಲಿ ಕ್ರಿಕೆಟ್ ನೋಡಿದ ಹಾಗೆ ನೋಡಿ ಕಿರುಚಿದ್ದೆವು. ಕೆಲಸವಿಲ್ಲದ ಹುಡುಗನ ದಿನಗಳಿಗೆ ಏನಾದರೂ ಆಗಬೇಕಿರುತ್ತದೆ. ಪೇಪರಿನ ಭೂಪಟದಲ್ಲಿ ಬಾಣದ ಗುರುತುಗಳನ್ನು ನೋಡುತ್ತ, ಲಾಹೋರಿಗೆ ಎಷ್ಟು ಕಿಲೋಮೀಟರ್ ಎಂದು ಸ್ಕೇಲು ಇಟ್ಟು ಅಳೆಯುತ್ತಿದ್ದೆ. ಯುದ್ಧ ಶುರುವಾಗದ ಪ್ರತಿ ಬೆಳಿಗ್ಗೆಯೂ ನನಗೆ ಮೋಸವಾದಂತೆ ಅನಿಸುತ್ತಿತ್ತು. ಅದೇ ಮೇಜಿನ ಆಚೆ ಬದಿಯಲ್ಲಿ ಶುರುವಾಗದ ಪ್ರತಿ ಬೆಳಿಗ್ಗೆಯನ್ನೂ ಕೈಮುಗಿದು ಸ್ವೀಕರಿಸುವವರು ನಿಂತಿರುತ್ತಿದ್ದರು ಎಂಬುದು ನನಗೆ ಕಾಣುತ್ತಿತ್ತು, ಆದರೆ ನಾಟುತ್ತಿರಲಿಲ್ಲ.

ಗಡಿಗೆ ಹೋದವರ ವಿಳಾಸದಲ್ಲಿ ಊರಿರುವುದಿಲ್ಲ. ಹೆಸರು, ನಂಬರು, ರೆಜಿಮೆಂಟು, ಕೊನೆಗೆ ‘56 ಎ.ಪಿ.ಒ.’ ಅಷ್ಟೇ. ಪಶ್ಚಿಮ ಗಡಿಯ ಟಪಾಲೆಲ್ಲ ದೆಹಲಿಯ ಸೇನಾ ಅಂಚೆಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಘಟಕ ಹುಡುಕಿಕೊಂಡು ಹೋಗುತ್ತದೆ. ಪೂರ್ವದ್ದಕ್ಕೆ ಕಲ್ಕತ್ತ, 99. ಘಟಕ ಎಲ್ಲಿದೆ ಎಂದು ಕಾಗದದ ಮೇಲೆ ಎಲ್ಲೂ ಇರಬಾರದು, ಅದಕ್ಕೇ ಈ ಏರ್ಪಾಡು. ಬುದ್ಧಿವಂತ ಏರ್ಪಾಡೇ. ಆದರೆ ಅದನ್ನು ತಾಯಂದಿರಿಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಿತ್ತು.

‘ಈ ಐವತ್ತಾರು ಅನ್ನೋದು ಯಾವ ಊರು ಮಗಾ?’ ಕೆಳಮನೆ ದೊಡ್ಡವ್ವ ಮೊದಲ ಕಾಗದ ಬಂದ ದಿನ ಕೇಳಿದಳು.

‘ಅದು ಊರಲ್ಲ ದೊಡ್ಡವ್ವ, ನಂಬರು.’

‘ನಂಬರಲ್ಲಿ ಮನುಷ್ಯರು ಇರ್ತಾರಾ? ಆ ಪಟದಲ್ಲಿ ತೋರಿಸು.’

ನಾನು ಎದ್ದು ಭೂಪಟದ ಮುಂದೆ ನಿಂತೆ. ಬೆರಳು ಕಾಶ್ಮೀರದಿಂದ ಕಚ್ಛದವರೆಗೆ ಇಳಿಯಿತು. ಎಲ್ಲೂ ನಿಲ್ಲಲಿಲ್ಲ. ‘ಇಷ್ಟರಲ್ಲಿ ಎಲ್ಲೋ ಒಂದು ಕಡೆ’ ಎಂದೆ. ಅವಳು ನನ್ನ ಬೆರಳು ಓಡಿದ ದಾರಿಯನ್ನೇ ಸ್ವಲ್ಪ ಹೊತ್ತು ನೋಡಿ, ‘ಇದು ಮಡಿಕೇರಿಗಿಂತ ದೂರ’ ಎಂದಳು.

*

ಅವಳಿಗೆ ಓದು ಬರುತ್ತಿರಲಿಲ್ಲ. ಕಾಗದ ಬಂದಾಗ ನಾನೇ ಓದಬೇಕು. ಕೂತು ಕೇಳುತ್ತಿರಲಿಲ್ಲ, ಕಂಬ ಹಿಡಿದು ನಿಂತೇ ಕೇಳುತ್ತಿದ್ದಳು. ಮಗ ಬರೆಯುತ್ತಿದ್ದುದು ಹೆಚ್ಚೆಂದರೆ ಹತ್ತು ಸಾಲು. ಕ್ಷೇಮ, ಚಳಿ ಜೋರು, ಊಟ ಪರವಾಗಿಲ್ಲ, ಕಾಫಿ ದರ ಏರಿತಾ. ಫೆಬ್ರವರಿಯ ಒಂದು ಕಾಗದದಲ್ಲಿ ಮಾತ್ರ ಅವನ ಕೈ ಸ್ವಲ್ಪ ಸಡಿಲವಾಗಿತ್ತು. ‘ಇಲ್ಲಿ ಕಣ್ಣು ಹಾಯುವವರೆಗೂ ಸಾಸಿವೆ ಹೊಲ. ಎಲ್ಲ ಹೂ ಬಿಟ್ಟು ಹಳದಿ. ನಮ್ಮ ಗದ್ದೆ ಬಯಲು ಇದರ ಮುಂದೆ ಅಂಗೈಯಷ್ಟು. ಆದರೆ ಹೊಲದವರು ಯಾರೂ ಇಲ್ಲ, ಊರು ಬಿಟ್ಟು ಹೋಗಿದ್ದಾರೆ’ ಎಂದು ಬರೆದಿದ್ದ.

‘ಹೂ ಬಿಟ್ಟ ಬೆಳೆ ಬಿಟ್ಟು ಯಾರಾದ್ರೂ ಹೋಗ್ತಾರಾ?’ ದೊಡ್ಡವ್ವನಿಗೆ ಅದು ಅರ್ಥವಾಗಲಿಲ್ಲ. ಮಗನ ಕ್ಷೇಮಕ್ಕಿಂತ ಆ ಹೊಲದ ವಿಷಯವೇ ಅವಳ ತಲೆಯಲ್ಲಿ ಕೂತುಬಿಟ್ಟಿತು. ನೀರು ಯಾರು ಕಟ್ಟುತ್ತಾರೆ, ಕೊಯ್ಯುವವರು ಯಾರು, ಆ ಮನೆಯ ದನಗಳು ಎಲ್ಲಿ ಹೋದವು.

ಅವತ್ತು ಜಗಲಿಯಲ್ಲಿ ಸುಬೇದಾರರೂ ಇದ್ದರು. ಗದ್ದೆಯ ಆಚೆ ದಂಡೆಯ ಕೊಡವರ ಮನೆಯ ಹಿರಿಯರು, ಅವರೂ ಅದೇ ಮದ್ರಾಸ್ ಎಂಜಿನಿಯರ್ ಗ್ರೂಪಿನಿಂದ ನಿವೃತ್ತರಾದವರು. 1971ರ ಡಿಸೆಂಬರಿನಲ್ಲಿ ಬಸಂತರ್ ನದಿಯ ಹತ್ತಿರ, ಅರುಣ್ ಖೇತ್ರಪಾಲ್ ಪರಮವೀರ ಚಕ್ರ ಗಳಿಸಿದ ಅದೇ ಕಾಳಗದಲ್ಲಿ, ರಾತ್ರಿಯಲ್ಲಿ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟ ದಂಡಿನಲ್ಲಿ ಇದ್ದವರು. ಸಾಸಿವೆ ಹೊಲ, ಹೊಲದವರು ಇಲ್ಲ ಎಂಬ ಮಾತು ಬಂದಾಗ ಅವರು ಬೀಡಿ ಹಚ್ಚುತ್ತಿದ್ದವರು ಕಡ್ಡಿ ಕೈಯಲ್ಲೇ ಆರುವ ತನಕ ಸುಮ್ಮನಿದ್ದರು.

ದೊಡ್ಡವ್ವ ಹೋದ ಮೇಲೆ ಅಪ್ಪನಿಗೆ ಹೇಳಿದರು: ‘ಹುಡುಗ ಮೈನು ಹುಗೀತಾ ಇದಾನೆ ಮಾಸ್ಟ್ರೇ.’

ಆಮೇಲೆ ನಮ್ಮ ಅಂಗಳದಲ್ಲೇ ಕೋಲಿನಿಂದ ಗೆರೆ ಎಳೆದು ತೋರಿಸಿದರು. ಸಾಲು ಹಿಡಿಯಬೇಕು, ಹೆಜ್ಜೆ ಎಣಿಸಬೇಕು, ಒಂದೊಂದನ್ನೂ ಕೈಯಿಂದಲೇ ಮಣ್ಣಿಗಿಡಬೇಕು, ಇಟ್ಟದ್ದನ್ನೆಲ್ಲ ನಕ್ಷೆಯಲ್ಲಿ ಬರೆದಿಡಬೇಕು. ಹಗಲು ಮಂಜು, ರಾತ್ರಿ ಮಂಜು, ಮೇಲಿನಿಂದ ಅವಸರ. ಕಾಶ್ಮೀರ, ಪಂಜಾಬ್, ರಾಜಸ್ಥಾನದ ಗಡಿಯುದ್ದಕ್ಕೂ ಲಕ್ಷಗಟ್ಟಲೆ ಹೂಳಬೇಕು. ‘ಶತ್ರು ಬರೋದು ಆಮೇಲಿನ ಮಾತು. ಮೊದಲು ಬೆರಳು ನಡುಗಬಾರದು’ ಎಂದರು. ಆ ಗೆರೆಗಳು ನಮ್ಮ ಅಂಗಳದಲ್ಲಿ ಎರಡು ದಿನ ಇದ್ದವು. ಅಮ್ಮ ಗುಡಿಸುವಾಗ ಅದೊಂದು ಜಾಗ ಬಿಟ್ಟು ಗುಡಿಸಿದ್ದನ್ನು ನಾನು ಗಮನಿಸಿದೆ.

ನಾನು ಪೇಪರಿನಲ್ಲಿ ಓದುತ್ತಿದ್ದ ಯುದ್ಧಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬಾಣದ ಗುರುತುಗಳಲ್ಲಿ ಯಾರೂ ಕುಕ್ಕರುಗಾಲಿನಲ್ಲಿ ಕೂತು ಮಣ್ಣು ಬಗೆಯುತ್ತಿರಲಿಲ್ಲ.

*

ಮಾರ್ಚ್ ಕೊನೆಗೆ ಹೂಮಳೆ ಬಿತ್ತು. ಒಂದು ವಾರದೊಳಗೆ ಇಡೀ ತೋಟ ಬೆಳ್ಳಗಾಗಿ, ಆ ಮಲ್ಲಿಗೆಯಂಥ ಘಮ ಪೋಸ್ಟಾಫೀಸಿನ ಅರಗಿನ ವಾಸನೆಯನ್ನೂ ಮೀರಿ ಜಗಲಿಗೆ ಬಂತು. ಹೂವಿನ ಜೊತೆ ಆಸೆಯೂ ಬಂತು. ಪಾಕಿಸ್ತಾನದ ಮುಷರಫ್ ಜನವರಿಯಲ್ಲಿ ಟಿವಿಯಲ್ಲಿ ಭಾಷಣ ಮಾಡಿ ಉಗ್ರರನ್ನು ಮಟ್ಟಹಾಕುತ್ತೇನೆ ಎಂದಿದ್ದರು. ಬಿಸಿಲು ಏರುವ ಹೊತ್ತಿಗೆ ದಂಡು ವಾಪಸಾಗುತ್ತದೆ ಎಂದು ಅಂಗಡಿ ಕಟ್ಟೆಯಲ್ಲಿ ತೀರ್ಮಾನವಾಯಿತು. ಹಾಗಾಗಿ ಮದುವೆ ದಿನಗಳು ಗೊತ್ತಾದವು.

ಮೇಲಿನ ಹಟ್ಟಿಯ ಹುಡುಗಿಯೊಬ್ಬಳಿಗೆ ಗೊತ್ತಾಗಿದ್ದ ಗಂಡು ಫಿರಂಗಿದಳದವನು. ಮೇ ಕೊನೆಗೆ ಮದುವೆ. ಹುಡುಗಿಯ ತಂದೆ ಲಗ್ನಪತ್ರಿಕೆಯ ಕಟ್ಟು ತಂದು ಮೇಜಿನ ಮೇಲಿಟ್ಟರು. ಮೊದಲ ಪತ್ರಿಕೆಯ ಮೇಲೆ ಅರಿಸಿನ ಕುಂಕುಮ ಹಚ್ಚಿ, ವರನ ಹೆಸರು, 56 ಎ.ಪಿ.ಒ. ಎಂದು ಬರೆಸಿದರು. ಮದುಮಗನಿಗೇ ಮದುವೆಯ ಕರೆಯೋಲೆ! ಅಪ್ಪ ಮುದ್ರೆ ಒತ್ತುವಾಗ ನಕ್ಕರು. ‘ನಗಬೇಡಿ ಮಾಸ್ಟ್ರೇ, ಅದನ್ನ ಸಾಹೇಬರಿಗೆ ತೋರಿಸಿದ್ರೆ ರಜೆ ಕೊಡ್ತಾರಂತೆ’ ಅಂದರು ಹುಡುಗಿಯ ತಂದೆ. ರಜೆ ಮಂಜೂರಾಯಿತು ಎಂದು ಮೇ ಮೊದಲ ವಾರ ಕಾಗದ ಬಂತು. ಹುಡುಗಿ ತಾನೇ ಬಂದು ತೆಗೆದುಕೊಂಡು ಹೋದಳು, ಇಳಿಜಾರಿನಲ್ಲಿ ಓಡುತ್ತ.

ಮೇ 14ರಂದು ಜಮ್ಮು ಹತ್ತಿರದ ಕಾಲೂಚಕ್‌ನಲ್ಲಿ ಉಗ್ರರು ಸೈನಿಕರ ಮನೆಗಳಿಗೇ ನುಗ್ಗಿ ಹೆಂಗಸರು ಮಕ್ಕಳನ್ನು ಕೊಂದರು. ಒಂದು ವಾರದ ಮೇಲೆ ಪ್ರಧಾನಿ ವಾಜಪೇಯಿ ಕುಪ್ವಾರಕ್ಕೆ ಹೋಗಿ ಸೈನಿಕರ ಎದುರು ನಿರ್ಣಾಯಕ ಹೋರಾಟದ ಮಾತಾಡಿದರು. ತಿಂಗಳ ಕೊನೆಗೆ ಅಮೆರಿಕ ತನ್ನ ಪ್ರಜೆಗಳಿಗೆ ಭಾರತ ಬಿಟ್ಟು ಹೊರಡಿ ಎಂದಿತು. ಪೇಪರಿನಲ್ಲಿ ಅಣುಬಾಂಬಿನ ಮಾತು ಹವಾಮಾನ ವರದಿಯ ಹಾಗೆ ದಿನಾ ಬರತೊಡಗಿತು. ನಮ್ಮೂರ ಬೆಳೆಗಾರರೊಬ್ಬರು ಆ ಗಾಳಿ ಇಲ್ಲಿಯವರೆಗೆ ಬಂದರೆ ಕಾಫಿ ಕಾಯಿ ಉದುರುತ್ತದೆಯೇ ಎಂದು ಅಪ್ಪನನ್ನು ಕೇಳಿದರು, ಪೋಸ್ಟ್ ಮಾಸ್ತರರಿಗೆ ದೆಹಲಿಯ ಮಾಹಿತಿ ಇರುತ್ತದೆ ಎಂಬ ನಂಬಿಕೆಯಲ್ಲಿ. ನಗುವ ಹಾಗೂ ಇರಲಿಲ್ಲ. ಅವರ ಮಟ್ಟಿಗೆ ಆ ವರ್ಷದ ಕಾಯಿಯೇ ಪ್ರಪಂಚ.

ವರ ಬರಲಿಲ್ಲ. ಚಪ್ಪರಕ್ಕೆಂದು ಕಡಿದು ತಂದಿದ್ದ ಬಿದಿರು ಹಟ್ಟಿಯ ಗೋಡೆಗೆ ಒರಗಿಕೊಂಡೇ ಮಳೆಗಾಲಕ್ಕೆ ಸಿಕ್ಕಿ ಕಪ್ಪಾಯಿತು. ಬೇಸಿಗೆಯ ಹಾಕಿ ಪಂದ್ಯಗಳಲ್ಲೂ ನಮ್ಮ ಸುತ್ತಿನ ಮನೆಗಳ ಟೀಮುಗಳಿಗೆ ಆಟಗಾರರು ಸಾಲದೆ ಐವತ್ತು ದಾಟಿದವರು ಸ್ಟಿಕ್ ಹಿಡಿದು ಇಳಿದಿದ್ದರು.

ಆ ದಿನಗಳ ರಾತ್ರಿಗಳ ಬಗ್ಗೆ ಒಂದು ಮಾತು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು, ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುವುದು ಪದ್ಧತಿ. ಬಯಲಿನವರಿಗೆ ಗುಂಡಿನ ಸದ್ದು ಗುಂಡಿನ ಸದ್ದಷ್ಟೇ. ನಮಗೆ ಅದು ಸುದ್ದಿ. ಜೊತೆಗೆ, ಗದ್ದೆಗೆ ನುಗ್ಗುವ ಹಂದಿ ಓಡಿಸಲೂ ರಾತ್ರಿ ಬಂದೂಕು ಹಾರುತ್ತದೆ. ಆ ಮಳೆಗಾಲದಲ್ಲಿ, ಕರೆಂಟಿಲ್ಲದ ಕತ್ತಲಲ್ಲಿ, ಗದ್ದೆಯ ಆಚೆಯಿಂದ ಒಂದು ಗುಂಡು ಕೇಳಿದರೆ ಇಡೀ ಕಣಿವೆ ಉಸಿರು ಬಿಗಿಹಿಡಿದು ಎರಡನೆಯದಕ್ಕೆ ಕಾಯುತ್ತಿತ್ತು. ಬರದಿದ್ದರೆ ಹಂದಿ. ನಮ್ಮ ಅಡುಗೆಮನೆಯಲ್ಲಿ ಅಮ್ಮ ‘ಹಂದಿ’ ಎಂದು ಹೇಳಿ ಮಗ್ಗುಲಾಗುವುದು ನನಗೆ ಕೇಳಿಸುತ್ತಿತ್ತು.

ಸುಬೇದಾರರು ಅಂಥ ರಾತ್ರಿಗಳ ಮರುದಿನ ಹೆಚ್ಚು ಮಾತಾಡುತ್ತಿದ್ದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗನ ವಿಮಾನ 1965ರ ಯುದ್ಧದ ಕೊನೆಯಲ್ಲಿ ಆಚೆ ಬಿದ್ದು ಅವರು ಸೆರೆಯಾದದ್ದು, ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಟ್ಟುಕೊಡುತ್ತೇನೆ ಎಂದಾಗ ಕಾರ್ಯಪ್ಪನವರು ತಮ್ಮ ಮಗನಿಗೆ ಪ್ರತ್ಯೇಕ ದಯೆ ಬೇಡ ಎಂದದ್ದು, ಇದನ್ನು ಕೊಡಗಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಸುಬೇದಾರರಿಗೆ ಇಷ್ಟವಾದ ಕಥೆ ಬೇರೆ. ಅದೇ ಸೆಪ್ಟೆಂಬರಿನಲ್ಲಿ ಸರ್ಗೋಧಾ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಹಿಂತಿರುಗಲಿಲ್ಲ. ಏನಾದರು ಎಂದು ಯಾರಿಗೂ ತಿಳಿಯಲಿಲ್ಲ. ತನಗಿಂತ ಎಷ್ಟೋ ವೇಗದ ವಿಮಾನವನ್ನು ಹೊಡೆದುರುಳಿಸಿ ಸತ್ತರು ಎಂಬುದು ಖಚಿತವಾಗಿ ಮಹಾವೀರ ಚಕ್ರ ಬಂದಾಗ 1988. ಇಪ್ಪತ್ತಮೂರು ವರ್ಷ. ‘ಚಕ್ರದ ಮಾತು ಬಿಡು,’ ಎನ್ನುತ್ತಿದ್ದರು ಸುಬೇದಾರರು, ‘ಆ ಇಪ್ಪತ್ತಮೂರು ವರ್ಷ ಮನೆಯವರು ಗೇಟಿನ ಸದ್ದಾದಾಗಲೆಲ್ಲ ಏನು ಮಾಡ್ತಿದ್ರು?’

*

ನಾನು ಮಾಡಿದ ತಪ್ಪು ಜುಲೈನದು.

ಹೊರಗೆ ಮಳೆ ಸಣ್ಣಗೆ ಹಿಡಿದಿತ್ತು. ಆ ವರ್ಷ ಅದೂ ಕೈಕೊಟ್ಟಿತ್ತು, ದೇಶಕ್ಕೇ ಬರ. ದೊಡ್ಡವ್ವ ಗೊರಬೆಯಿಂದ ನೀರು ಕೊಡವಿ ಜಗಲಿಯಲ್ಲಿಟ್ಟು ಕಂಬ ಹಿಡಿದು ನಿಂತಳು. ನಾನು ಕಾಗದ ಬಿಡಿಸಿ ಓದತೊಡಗಿದೆ. ನಾಲ್ಕನೆಯ ಸಾಲಿಗೆ ಬಂದಾಗ ಕಣ್ಣು ನಾಲಿಗೆಗಿಂತ ಮುಂದೆ ಓಡಿತು. ‘ಹೋದ ವಾರ ನಮ್ಮ ಸೆಕ್ಷನ್ನಿನ ಒಬ್ಬನ ಬಲಗಾಲು ಹೋಯಿತು. ನಾನು ಅವನಿಗಿಂತ ಹತ್ತು ಹೆಜ್ಜೆ ಹಿಂದೆ ಇದ್ದೆ.’ ಹೇಗೆ ಅದು ಸೇನೆಯ ಕಣ್ಣು ತಪ್ಪಿಸಿ ಬಂತೋ. ನಾನು ನಿಲ್ಲಿಸದೆ, ‘ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ನೀನು ಚಿಂತೆ ಮಾಡಬೇಡ’ ಎಂದು ಓದಿದೆ. ಓದಿದೆ ಎಂದರೆ ಹೇಳಿದೆ. ಮುಂದಿನ ಸಾಲಿಗೆ ಹಾರಿದೆ.

ದೊಡ್ಡವ್ವ ಯಾವಾಗಲೂ ಎರಡು ಸಲ ಓದಿಸುತ್ತಿದ್ದಳು. ಎರಡನೆಯ ಸಲ ನಾನು ಆ ನನ್ನ ಸಾಲನ್ನು ಕೊನೆಯಲ್ಲಿ, ‘ನಿನ್ನ ಮಗ’ ಎಂಬುದರ ಹಿಂದೆ ಸೇರಿಸಿದೆ. ಮರೆತಿದ್ದೆ.

ಅವಳು ಕಂಬ ಬಿಟ್ಟಳು. ‘ಮೊದಲು ಓದಿದಾಗ ಆ ಮಾತು ಮಧ್ಯದಲ್ಲಿ ಇತ್ತಲ್ಲ ಮಗಾ?’

‘ಎರಡು ಸಲ ಬರೆದಿದ್ದಾನೆ ದೊಡ್ಡವ್ವ.’

‘ಹೌದಾ’ ಎಂದಳು. ಕಾಗದ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಗೊರಬೆ ಹೊದ್ದು ಇಳಿಜಾರಿನಲ್ಲಿ ಹೋದಳು. ಮನೆಯ ಕಡೆಗಲ್ಲ, ಗದ್ದೆ ಬದುವಿನ ಮೇಲೆ ಆಚೆ ದಂಡೆಗೆ. ಸುಬೇದಾರರ ಮನೆಗೆ ಎಂದು ಆಗ ನನಗೆ ಹೊಳೆಯಲಿಲ್ಲ. ಸೊಪ್ಪಿಗೆ ಹೋಗುತ್ತಾಳೆ ಅಂದುಕೊಂಡೆ.

ಓದುಗರು ನನ್ನನ್ನು ಮೆಚ್ಚಬೇಕು ಎಂದಲ್ಲ, ಆದರೆ ಅಂದಿನಿಂದ ನಾನು ಪೇಪರಿನ ಭೂಪಟದ ಮೇಲೆ ಸ್ಕೇಲು ಇಡಲಿಲ್ಲ.

*

2002ರ ಅಕ್ಟೋಬರ್ 16ರಂದು ಸರ್ಕಾರ ದಂಡನ್ನು ಹಿಂದಕ್ಕೆ ಕರೆಸಲು ತೀರ್ಮಾನಿಸಿತು. ಹತ್ತು ತಿಂಗಳ ಮೇಲೆ. ಯುದ್ಧ ಬರಲಿಲ್ಲ. ಆ ಸುದ್ದಿ ಕರ್ನಾಟಕದಲ್ಲಿ ಸಿಗಬೇಕಾದಷ್ಟು ಜಾಗ ಪಡೆಯಲಿಲ್ಲ ಎಂಬುದು ನನ್ನ ನೆನಪು. ಕಾವೇರಿ ನೀರಿನ ಗಲಾಟೆ ರಾಜ್ಯದ ತುಂಬ ಹೊತ್ತಿತ್ತು, ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆ ಹೊರಟಿದ್ದರು, ಮಾಜಿ ಸಚಿವ ನಾಗಪ್ಪನವರನ್ನು ವೀರಪ್ಪನ್ ಎತ್ತಿಕೊಂಡು ಹೋಗಿ ಎರಡು ತಿಂಗಳಾಗುತ್ತ ಬಂದಿತ್ತು.

ಮರುದಿನ ತುಲಾ ಸಂಕ್ರಮಣ. ಮಧ್ಯಾಹ್ನದ ಮೇಲೆ ತಲಕಾವೇರಿಯಲ್ಲಿ ತೀರ್ಥೋದ್ಭವ. ನಮ್ಮೂರಿಂದ ಜೀಪು ಮಾಡಿಕೊಂಡು ಹೋದವರಲ್ಲಿ ದೊಡ್ಡವ್ವನೂ ಇದ್ದಳು. ಬಾಟಲಿ ತುಂಬ ತೀರ್ಥ ತಂದು, ಮರುದಿನ ಬಸ್ಸಿನ ಹೊತ್ತಿಗೆ ಜಗಲಿಯಲ್ಲಿದ್ದವರಿಗೆಲ್ಲ ಅಂಗೈಗೆ ಹಾಕಿದಳು. ‘ಬರ್ತಾನೆ ಸುಬೇದಾರಣ್ಣ, ಎಲ್ಲರೂ ಬರ್ತಾರಂತೆ’ ಎಂದಳು. ಸುಬೇದಾರರು ತೀರ್ಥ ಕಣ್ಣಿಗೊತ್ತಿಕೊಂಡು ಕುಡಿದು, ‘ಬರ್ತಾನವ್ವ’ ಎಂದರು.

ಅವಳು ಹೋದ ಮೇಲೆ ಅಪ್ಪನ ಕಡೆ ತಿರುಗಿ: ‘ಫಿರಂಗಿಯವರು ಬರ್ತಾರೆ, ಟ್ಯಾಂಕಿನವರು ಬರ್ತಾರೆ. ಹೂತವರೇ ಕೀಳಬೇಕಲ್ಲ ಮಾಸ್ಟ್ರೇ. ಹೂಳೋದಕ್ಕಿಂತ ಕೀಳೋದು ಕಷ್ಟ. ಒಂದು ಮಳೆಗಾಲ ಕಳೆದಿದೆ, ಇಟ್ಟದ್ದು ಇಟ್ಟಲ್ಲಿ ಇರಲ್ಲ.’

ಹಾಗೇ ಆಯಿತು. ಮೇಲಿನ ಹಟ್ಟಿಯ ಮದುವೆ ಡಿಸೆಂಬರಿನಲ್ಲಿ, ಹೊಸ ಬಿದಿರು ಕಡಿದು, ನಡೆಯಿತು. ಕೆಳಮನೆಯ ಮಗನ ಕಾಗದಗಳು ಮಾತ್ರ ಅದೇ ನಂಬರಿನಿಂದ ಬರುತ್ತಿದ್ದವು. ಮುಂದಿನ ವರ್ಷ ಸಂಸತ್ತಿನಲ್ಲಿ ಲೆಕ್ಕ ಹೊರಬಿತ್ತು: ಯುದ್ಧವೇ ಘೋಷಣೆಯಾಗದ ಆ ಕಾರ್ಯಾಚರಣೆಯಲ್ಲಿ ಸತ್ತ ನಮ್ಮ ಸೈನಿಕರು 798. ಕಾಲು ಕಳೆದುಕೊಂಡವರು ಅದರಲ್ಲಿ ಇಲ್ಲ. ಕಂಬ ಹಿಡಿದು ನಿಂತವರ ಲೆಕ್ಕವನ್ನಂತೂ ಯಾರು ಕೇಳಬೇಕು?

2025ರ ಮೇನಲ್ಲಿ ಮತ್ತೆ ಗಡಿ ಕಾದಾಗ, ಸೈರನ್ ಕೂಗಿಸಿ ಕವಾಯತು ಮಾಡಿದ ಬೆಂಗಳೂರಿನಲ್ಲಿ ನಾನಿದ್ದೆ. ಪಕ್ಕದ ಫ್ಲಾಟಿನ ಹುಡುಗ, ಇಪ್ಪತ್ತೆರಡರ ಆಸುಪಾಸು, ಮೊಬೈಲಿನಲ್ಲಿ ಭೂಪಟ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ. ಲಿಫ್ಟಿನಲ್ಲಿ ನನಗೂ ತೋರಿಸಿದ. ಏನೋ ಹೇಳಬೇಕೆನಿಸಿತು, ಅಷ್ಟರಲ್ಲಿ ನನ್ನ ಮಹಡಿ ಬಂತು.

*

ಕೆಳಮನೆಯ ಮಗ ರಜೆಯಲ್ಲಿ ಬಂದದ್ದು 2003ರ ಜನವರಿಯಲ್ಲಿ, ಇಪ್ಪತ್ತು ದಿನಕ್ಕೆ. ಕಪ್ಪಗಾಗಿದ್ದ, ಮಾತು ಕಡಿಮೆಯಾಗಿತ್ತು. ಬಂದ ಮೂರನೆಯ ದಿನ ದೊಡ್ಡವ್ವ ನನ್ನನ್ನೂ ಊಟಕ್ಕೆ ಕರೆದಳು. ಕಡುಬು, ಹಂದಿ ಸಾರು. ಇಬ್ಬರನ್ನೂ ಪಕ್ಕ ಪಕ್ಕ ಮಣೆ ಹಾಕಿ ಕೂರಿಸಿ ಬಡಿಸುತ್ತಿದ್ದಳು.

‘ಆ ಸಾಸಿವೆ ಹೊಲ ಅವರಿಗೆ ವಾಪಸ್ ಸಿಕ್ತಾ?’

‘ಅರ್ಧ ಕೊಟ್ಟಿದ್ದೀವಿ ಅವ್ವ. ಅರ್ಧ ಇನ್ನೂ ಆಗಿಲ್ಲ.’

ಅವಳು ಇನ್ನೊಂದು ಕಡುಬು ಹಾಕಿದಳು. ‘ಕಾಲು ಹೋಗಿತ್ತಲ್ಲ, ಆ ಹುಡುಗ?’

ಅವನು ಬೆಚ್ಚಿ ನನ್ನ ಕಡೆ ನೋಡಿದ. ನಾನು ತಟ್ಟೆ ನೋಡಿದೆ.

‘ಪುಣೆಯಲ್ಲಿದ್ದಾನೆ. ಅಲ್ಲಿ ಮಿಲಿಟರಿಯವರ ಕೃತಕ ಕಾಲಿನ ಆಸ್ಪತ್ರೆ ಇದೆ. ಹಾಕಿಸ್ತಾ ಇದಾರೆ.’

ದೊಡ್ಡವ್ವ ಮತ್ತೇನೂ ಕೇಳಲಿಲ್ಲ. ಎರಡು ದಿನ ಬಿಟ್ಟು ಬಿಳಿ ಬಟ್ಟೆಯಲ್ಲಿ ಹೊಲಿದ ಪಾರ್ಸೆಲ್ ಹಿಡಿದು ಜಗಲಿಗೆ ಬಂದಳು. ಒಳಗೆ ಕಂಚುಳಿಹುಳಿಯ ಉಪ್ಪಿನಕಾಯಿ, ಕಾಫಿಪುಡಿ. ಮಗನಿಂದ ಕೇಳಿ ತಂದಿದ್ದ ಹೆಸರು, ಆಸ್ಪತ್ರೆ, ಊರು, ಪಿನ್ ಕೋಡ್ ಎಲ್ಲ ನನ್ನ ಕೈಯಲ್ಲಿ ಬರೆಸಿದಳು. ಅಪ್ಪ ಅರಗು ಕರಗಿಸಿ ಹೊಲಿಗೆಯ ಮೇಲೆ ನಾಲ್ಕು ಕಡೆ ಮುದ್ರೆ ಒತ್ತಿದರು.

‘ಈ ಪುಣೆ ಎಲ್ಲಿ ಬರುತ್ತೆ ಮಗಾ?’

ನಾನು ಎದ್ದು ಗೋಡೆಯ ಪಟದ ಮೇಲೆ ಬೆರಳಿಟ್ಟು ತೋರಿಸಿದೆ.